ಬೋರ್ಡ್ ಆಫ್ ಮಾಡಿದರೂ ಪೀಕ್ ಹೋಗುವುದಿಲ್ಲ, ಯಾಕೆ?

ಪ್ರಶ್ನೆ: ನಾನು ಮಾಡಿದ ಬೋರ್ಡಿನಲ್ಲಿ ಸ್ವಿಚಿಂಗ್ ಪವರ್ ಸಪ್ಲೈ ಇದೆ. ಅದು ಎಷ್ಟು ನಾಯ್ಸ್ ಹೊರಗೆ ಬಿಡುತ್ತದೆ ಎಂದು ನೋಡಲು ಹ್ಯಾಂಡ್‌ಹೆಲ್ಡ್ ಸ್ಪೆಕ್ಟ್ರಮ್ ಅನಲೈಸರ್‌ಗೆ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ತೋರಿಸುವ ಮೀಟರ್) ಆಂಟೆನಾ ಹಾಕಿ, 30 ಮೆಗಾಹರ್ಟ್ಸ್‌ನಿಂದ 1 ಗಿಗಾಹರ್ಟ್ಸ್ ತನಕ ಸ್ಪ್ಯಾನ್, ಅಂದರೆ ನೋಡುವ ವ್ಯಾಪ್ತಿ, ಇಟ್ಟೆ. ಒಂದೊಂದು ಸಲ ಒಂದೊಂದು ರೀಡಿಂಗ್. ಬೋರ್ಡ್ ಆಫ್ ಮಾಡಿದರೂ ಕೆಲವು ಪೀಕ್ (ಸ್ಕ್ರೀನಿನಲ್ಲಿ ಎದ್ದು ನಿಲ್ಲುವ ಗೆರೆಗಳು) ಹಾಗೇ ಇರುತ್ತವೆ. ನಾಯ್ಸ್ ಲಿಮಿಟ್ ಒಳಗಿದೆಯಾ ಎಂಬ ಪರೀಕ್ಷೆಗೆ ಲ್ಯಾಬ್‌ಗೆ ಕಳಿಸುವ ಮೊದಲು ಇದನ್ನು ನಂಬಬಹುದಾ?

ಉತ್ತರ: ಆಫ್ ಮಾಡಿದರೂ ಉಳಿಯುವ ಪೀಕ್ ನಿಮ್ಮ ಬೋರ್ಡಿನದಲ್ಲ, ಹೆಚ್ಚಾಗಿ ಸುತ್ತಲಿನ ಗಾಳಿಯಲ್ಲಿ ಇರುವುದು. 88ರಿಂದ 108 ಮೆಗಾಹರ್ಟ್ಸ್ ನಡುವೆ ಸಾಲಾಗಿ ನಿಂತಿದ್ದರೆ ಅವು ಎಫ್‌ಎಂ ರೇಡಿಯೋ ಸ್ಟೇಷನ್‌ಗಳೇ. ಅದಕ್ಕೇ ಮೊದಲು ಬೋರ್ಡ್ ಆಫ್ ಇಟ್ಟು ಎರಡು ಮೂರು ನಿಮಿಷ ಮ್ಯಾಕ್ಸ್ ಹೋಲ್ಡ್‌ನಲ್ಲಿ (ಬಂದದ್ದರಲ್ಲಿ ಅತಿ ಎತ್ತರದ ರೀಡಿಂಗನ್ನು ಹಿಡಿದಿಡುವ ಸೆಟ್ಟಿಂಗ್) ಬಿಡಿ, ಆ ಟ್ರೇಸ್, ಅಂದರೆ ಸ್ಕ್ರೀನಿನ ಗೆರೆ, ಸೇವ್ ಮಾಡಿ. ಆಮೇಲೆ ಆನ್ ಮಾಡಿ ಇನ್ನೊಂದು ಟ್ರೇಸ್ ಅದರ ಮೇಲೆ ತನ್ನಿ. ಹೊಸದಾಗಿ ಎದ್ದದ್ದು ಮಾತ್ರ ನಿಮ್ಮದು.

ರೀಡಿಂಗ್ ಬದಲಾಗುವುದಕ್ಕೆ ಆರ್‌ಬಿಡಬ್ಲ್ಯೂ (ರೆಸಲ್ಯೂಷನ್ ಬ್ಯಾಂಡ್‌ವಿಡ್ತ್, ಮೀಟರಿನ ಒಳಗಿನ ಫಿಲ್ಟರಿನ ಅಗಲ) ಆಟೋದಲ್ಲಿ ಇರುವುದು ಕಾರಣ ಇರಬಹುದು. ಸ್ಪ್ಯಾನ್ ದೊಡ್ಡದಾದಷ್ಟೂ ಅದು ತಾನೇ ಹಿಗ್ಗುತ್ತದೆ. ಈ ಬ್ಯಾಂಡಿಗೆ ಸಿಸ್ಪರ್ (ರೇಡಿಯೋ ನಾಯ್ಸ್ ಅಳೆಯುವ ಅಂತರರಾಷ್ಟ್ರೀಯ ಮಾನದಂಡ) ಹೇಳುವುದು 120 ಕಿಲೋಹರ್ಟ್ಸ್. 1 ಮೆಗಾಹರ್ಟ್ಸ್ ಇದ್ದರೆ ಸ್ವಿಚಿಂಗ್‌ನಿಂದ ಬರುವ ಪಲ್ಸ್ ತರಹದ ನಾಯ್ಸ್ ಸುಮಾರು 18 ಡಿಬಿ ತನಕ ಜಾಸ್ತಿ ಕಾಣಬಹುದು, ಸುಮ್ನೆ ಗಾಬರಿ! ಮೀಟರಿನಲ್ಲಿ ಇಎಂಐ ಮೋಡ್ (ಇಂಥ ನಾಯ್ಸ್ ಅಳೆಯಲೆಂದೇ ಇರುವ ಸೆಟ್ಟಿಂಗ್) ಇದ್ದರೆ ಅದನ್ನೇ ಆರಿಸಿ, ಯಾಕೆಂದರೆ ಸಿಸ್ಪರ್‌ನ 120 ಕಿಲೋಹರ್ಟ್ಸ್ ಫಿಲ್ಟರಿನ ಅಗಲವನ್ನು ಅದರ ತುದಿಯಿಂದ 6 ಡಿಬಿ ಕೆಳಗೆ ಅಳೆಯುತ್ತಾರೆ, ಮಾಮೂಲಿ ಫಿಲ್ಟರಿನದನ್ನು 3 ಡಿಬಿ ಕೆಳಗೆ. ಸ್ಪ್ಯಾನನ್ನೂ ತುಂಡು ಮಾಡಿ. ಸ್ಕ್ರೀನಿನಲ್ಲಿ 1001 ಪಾಯಿಂಟ್ ಇದ್ದರೆ ಒಂದು ಸಲಕ್ಕೆ 60 ಮೆಗಾಹರ್ಟ್ಸ್ ಸಾಕು, ಇಲ್ಲದಿದ್ದರೆ ಪೀಕ್ ನಿಜವಾಗಿ ಯಾವ ಫ್ರೀಕ್ವೆನ್ಸಿಯಲ್ಲಿದೆ ಎಂದು ಗೊತ್ತಾಗುವುದಿಲ್ಲ.

ಇನ್ನೊಂದು ಪರೀಕ್ಷೆ ಯಾವತ್ತೂ ಬಿಡಬೇಡಿ. ಅಟೆನ್ಯುಯೇಷನ್ (ಒಳಬರುವ ಸಿಗ್ನಲನ್ನು ಮೀಟರ್ ತಗ್ಗಿಸುವ ಪ್ರಮಾಣ) 10 ಡಿಬಿ ಜಾಸ್ತಿ ಮಾಡಿ ನೋಡಿ. ಪೀಕ್ ಅಷ್ಟೇ ಎತ್ತರದಲ್ಲಿ ಉಳಿದರೆ ಸರಿ. ಇಳಿದುಬಿಟ್ಟರೆ ಅದು ಓವರ್‌ಲೋಡ್ ಆಗಿ ಮೀಟರಿನ ಒಳಗೇ ಹುಟ್ಟಿದ್ದು. ಹತ್ತಿರದ ಜೋರು ಸಿಗ್ನಲ್ ಇದ್ದು ಪ್ರೀಆಂಪ್ (ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್) ಆನ್ ಇದ್ದಾಗ ಇದು ಸುಲಭವಾಗಿ ಆಗುತ್ತದೆ.

ಮೀಟರಿನ ಡಿಟೆಕ್ಟರ್ ಸೆಟ್ಟಿಂಗ್ (ರೀಡಿಂಗ್ ತೆಗೆಯುವ ಬಗೆ) ಪೀಕ್‌ನಲ್ಲೇ ಇಡಿ, ಬೇಗ ಮುಗಿಯುತ್ತದೆ. ಕ್ವಾಸಿ-ಪೀಕ್ (ನಾಯ್ಸ್ ಎಷ್ಟು ಪದೇ ಪದೇ ಬರುತ್ತದೆ ಎಂಬುದನ್ನೂ ಲೆಕ್ಕ ಹಿಡಿಯುವ ಬಗೆ) ರೀಡಿಂಗ್ ಪೀಕ್‌ಗಿಂತ ಮೇಲೆ ಹೋಗುವುದಿಲ್ಲ, ಹಾಗಾಗಿ ಪೀಕ್ ಲಿಮಿಟ್ ಒಳಗಿದ್ದ ಕಡೆ ಮತ್ತೆ ಅಳೆಯುವ ಕೆಲಸವೇ ಇಲ್ಲ. ದಾಟಿದ ಕಡೆ ಮಾತ್ರ ಕ್ವಾಸಿ-ಪೀಕ್ ಹಾಕಿ ನಿಧಾನವಾಗಿ ನೋಡಿ. ಲಿಮಿಟ್ ಇರುವುದು ಡಿಬಿ ಮೈಕ್ರೋವೋಲ್ಟ್ ಪ್ರತಿ ಮೀಟರ್ (dBµV/m, ಇಲ್ಲಿ ಮೀಟರ್ ಅಂದರೆ ಉದ್ದದ ಅಳತೆ) ಲೆಕ್ಕದಲ್ಲಿ. ಅದಕ್ಕೆ ಬದಲಿಸಲು 50 ಓಮ್‌ನಲ್ಲಿ ಡಿಬಿಎಂ ರೀಡಿಂಗಿಗೆ 107 ಕೂಡಿಸಿ, ಆಂಟೆನಾ ಫ್ಯಾಕ್ಟರ್ (ಆಂಟೆನಾ ತಯಾರಕರು ಕೊಡುವ ತಿದ್ದುಪಡಿ ಅಂಕಿ) ಮತ್ತು ಕೇಬಲ್ ಲಾಸ್ ಸೇರಿಸಿ, ಪ್ರೀಆಂಪ್ ಗೇನನ್ನು ಮೀಟರೇ ಲೆಕ್ಕ ಹಿಡಿಯದಿದ್ದರೆ ಕಳೆಯಿರಿ.

ಇನ್ನು ನಂಬುವ ಮಾತು. ಲ್ಯಾಬಿನ ಅಂಕಿ ನಿಮಗೆ ಮೇಜಿನ ಮೇಲೆ ಸಿಗುವುದಿಲ್ಲ, ಗೋಡೆ, ನೆಲ, ದೂರ ಎಲ್ಲ ಬೇರೆ ಅಲ್ವಾ. ಆದರೆ ಆಂಟೆನಾ, ಬೋರ್ಡ್, ಕೇಬಲ್ ಇಟ್ಟ ಜಾಗ ಕದಲಿಸದೆ ಅಳೆದರೆ, ನೀವು ಮಾಡಿದ ರಿಪೇರಿಯಿಂದ ಪೀಕ್ 6 ಡಿಬಿ ಇಳಿಯಿತು ಎಂಬುದನ್ನು ಖಂಡಿತ ನಂಬಬಹುದು. ಬೋರ್ಡಿಗೆ ಬರುವ ಲೋ ವೋಲ್ಟೇಜ್ ಕೇಬಲನ್ನು ಅಂಗೈಯಲ್ಲಿ ಹಿಡಿದು ನೋಡಿ. ಪೀಕ್ ಮೇಲೆ ಕೆಳಗೆ ಕುಣಿದರೆ ಆ ಕೇಬಲ್ಲೇ ಆಂಟೆನಾ ಆಗಿದೆ. ಮೊದಲು ಫೆರೈಟ್ ಕ್ಲಾಂಪ್ (ಕೇಬಲ್ ಸುತ್ತ ಹಾಕುವ, ನಾಯ್ಸ್ ತಡೆಯುವ ಉಂಗುರ) ಅಲ್ಲಿ ಹಾಕಿ.