ಅಮ್ಮನ ಜೊತೆ ಒಂದು ದಿನ

ಪ್ರಶ್ನೆ: ಹಾಸನದಿಂದ ಅಮ್ಮನನ್ನು ಒಂದು ದಿನದ ಮಟ್ಟಿಗೆ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಹಳೇ ಹೋಟೆಲು, ಹಳೇ ಅಂಗಡಿ ತೋರಿಸಬೇಕು. ಎಲ್ಲಿಗೆ ಹೋಗಲಿ ಅಕ್ಕಾ?

ಉತ್ತರ: ಬೆಳಿಗ್ಗೆ ಸೀದಾ ಗಾಂಧಿ ಬಜಾರಿಗೆ ಹೋಗಿ. ಅಲ್ಲಿನ ವಿದ್ಯಾರ್ಥಿ ಭವನ ಹೋಟೆಲು 1943ರದು. ಶುಕ್ರವಾರ ರಜೆ, ಮರೀಬೇಡಿ. ಮಾಣಿ ಒಂದರ ಮೇಲೊಂದು ದೋಸೆ ತಟ್ಟೆ ಪೇರಿಸಿಕೊಂಡು, ಒಂದೂ ಅಲುಗದ ಹಾಗೆ ಬರುತ್ತಾರೆ. ಸಕಲೇಶಪುರದಿಂದ ಬಂದಿದ್ದ ನಮ್ಮಮ್ಮ ಅದನ್ನು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ದೋಸೆ ದಪ್ಪ, ತುಪ್ಪ ಜಾಸ್ತಿ. ವಯಸ್ಸಾದವರಿಗೆ ಒಂದು ಸಾಕು, ಅಲ್ವಾ?

ಆಮೇಲೆ ಅವಸರ ಮಾಡಬೇಡಿ. ಹೂವು, ವೀಳ್ಯದೆಲೆ ನೋಡುತ್ತಾ ಸುಮ್ನೆ ನಡೆಯಿರಿ. ಸುಬ್ಬಮ್ಮನ ಅಂಗಡಿಯಲ್ಲಿ ಖಾರದ ಕಡಲೆಕಾಯಿ ಕಟ್ಟಿಸಿಕೊಳ್ಳಿ. ಸೀರೆ ಬೇಕಿದ್ದರೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೋ ಹತ್ತಿ. ಕೆ.ಆರ್. ಮಾರ್ಕೆಟ್ ನಿಲ್ದಾಣ ದಾಟಿದರೆ ಸೀರೆ ಅಂಗಡಿಗಳಿರುವ ಚಿಕ್ಕಪೇಟೆ.