ಭಾನುವಾರ ಸಂಜೆ ನಾಲ್ಕರ ನಂತರ

ಈ ತಿಂಗಳು ಬಂದ ಪತ್ರಗಳಲ್ಲಿ ರಜೆಯ ದಿನದ ಬಗ್ಗೆ ಬರೆದವರೇ ಹೆಚ್ಚು. ರಜೆ ಇದೆ, ಆದರೆ ದಣಿವು ಆರುವುದಿಲ್ಲ ಎಂಬುದು ಎಲ್ಲರ ಮಾತು. ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಆ ಪತ್ರದಲ್ಲಿ ಬಹಳ ಮನೆಗಳ ಭಾನುವಾರ ನನಗೆ ಕಂಡಿತು.

ಅಕ್ಕ, ನಾನು ಬೆಂಗಳೂರಿನಲ್ಲಿ ಬ್ಯಾಂಕ್ ಉದ್ಯೋಗಿ. ವಯಸ್ಸು 38. ಮನೆಯಲ್ಲಿ ಪತಿ, ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಭಾನುವಾರ ಎದ್ದರೆ ಬಟ್ಟೆ, ಇಸ್ತ್ರಿ, ತರಕಾರಿ, ದೋಸೆ ಹಿಟ್ಟು, ಮಕ್ಕಳ ಹೋಂವರ್ಕ್. ಎಲ್ಲ ಮುಗಿಯುವಾಗ ರಾತ್ರಿ ಒಂಬತ್ತು. ಸಂಜೆ ಐದಾಗುತ್ತಿದ್ದಂತೆಯೇ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ಪತಿ ಒಳ್ಳೆಯವರು, ಹೇಳಿದರೆ ಮಾಡುತ್ತಾರೆ. ವಿಶ್ರಾಂತಿಯೂ ಸಿಗಬೇಕು, ಸೋಮವಾರಕ್ಕೆ ಸಿದ್ಧತೆಯೂ ಆಗಬೇಕು. ಹೇಗೆ?
— ಹೆಸರು ಬೇಡ, ಜಯನಗರ

ತಂಗಿ, ವಾರದ ಸಿದ್ಧತೆಯನ್ನು ಭಾನುವಾರದಿಂದ ಎತ್ತಿ ಶನಿವಾರಕ್ಕೆ ಹಾಕು. ಭಾನುವಾರ ಸಂಜೆ ನಾಲ್ಕರ ನಂತರ ನಿನ್ನ ಮನೆಯಲ್ಲಿ ಯಾವ ಸಿದ್ಧತೆಯೂ ನಡೆಯಬಾರದು. ನಾನು ಪಟ್ಟು ಹಿಡಿಯುವುದು ಇದೊಂದಕ್ಕೆ. ಉಳಿದದ್ದನ್ನು ನಿನ್ನ ಮನೆಗೆ ಹೊಂದುವಂತೆ ಮಾಡಿಕೊ.

ಬ್ಯಾಂಕಿನವರಿಗೆ 2015ರ ಸೆಪ್ಟೆಂಬರಿನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ ಇದೆ. ಆ ಎರಡು ಶನಿವಾರಗಳಲ್ಲಿ ದೊಡ್ಡ ಕೆಲಸಗಳನ್ನು ಮುಗಿಸು: ದಿನಸಿ, ಹುಳಿಪುಡಿ, ಚಟ್ನಿಪುಡಿ, ಹಾಸಿಗೆಯ ಹೊದಿಕೆಗಳು. ಕೆಲಸವಿರುವ ಶನಿವಾರ ಬ್ಯಾಂಕಿನಿಂದ ಬಂದು, ಕೈಕಾಲು ತೊಳೆದು, ಕಾಫಿ ಕುಡಿದ ಮೇಲೆ ಒಂದೂವರೆ ಗಂಟೆ ಸಾಕು. ಅಷ್ಟರಲ್ಲಿ ಆಗದೆ ಉಳಿದದ್ದು ಉಳಿಯಲಿ.

ಯಾವುದನ್ನು ಮೊದಲೇ ಮಾಡಿಡಬೇಕು ಎಂಬುದಕ್ಕೆ ನನ್ನ ಅಳತೆ ಬಹಳ ಸರಳ. ಸೋಮವಾರ ಬೆಳಿಗ್ಗೆ ಆರರಿಂದ ಎಂಟರವರೆಗೆ ನಿನ್ನ ಮನೆಯಲ್ಲಿ ಏನೇನು ನಡೆಯುತ್ತದೆ ಎಂದು ಕಣ್ಣು ಮುಚ್ಚಿ ನೋಡು. ತಿಂಡಿ ಏನು, ಡಬ್ಬಿಗೆ ಏನು, ಸಮವಸ್ತ್ರ ಎಲ್ಲಿದೆ, ಕಾಲುಚೀಲದ ಜೋಡಿ ಸಿಕ್ಕಿತೆ, ಡೈರಿಗೆ ಸಹಿ ಆಯಿತೆ, ಗಾಡಿಯ ಕೀ ಎಲ್ಲಿ. ಇವುಗಳಿಗೆ ಉತ್ತರ ಮೊದಲೇ ಇದ್ದರೆ ಸಿದ್ಧತೆ ಆದಂತೆಯೇ. ಏಳು ದಿನದ ಬಟ್ಟೆಗೂ ಭಾನುವಾರವೇ ಇಸ್ತ್ರಿ ಆಗಬೇಕೆಂಬ ನಿಯಮ ಎಲ್ಲೂ ಇಲ್ಲ. ಸೋಮವಾರ, ಮಂಗಳವಾರಕ್ಕೆ ಬೇಕಾದಷ್ಟು ಸಾಕು. ಮಿಕ್ಕದ್ದು ಬೀದಿಯ ಇಸ್ತ್ರಿ ಗಾಡಿಗೆ ಹೋಗಲಿ. ಅಲ್ಲಿ ನಿಂತು ದುಡಿಯುವವರಿಗೂ ನಾಲ್ಕು ಕಾಸು ಆಗುತ್ತದೆ.

ಹಿಟ್ಟಿನ ವಿಚಾರ ವಿವರವಾಗಿಯೇ ಹೇಳುತ್ತೇನೆ. ನಮ್ಮ ಕಡೆಯ ಅಡುಗೆಮನೆಯಲ್ಲಿ ವಾರದ ಅರ್ಧ ಭಾರ ಹೊರುವುದು ಅದೇ. ಶನಿವಾರ ಬೆಳಿಗ್ಗೆ ಮನೆ ಬಿಡುವ ಮೊದಲು ಮೂರು ಪಾವು ದೋಸೆ ಅಕ್ಕಿಯನ್ನು ಒಂದು ಪಾತ್ರೆಯಲ್ಲಿ, ಒಂದು ಪಾವು ಉದ್ದಿನ ಬೇಳೆ ಮತ್ತು ಒಂದು ಚಮಚ ಮೆಂತ್ಯವನ್ನು ಇನ್ನೊಂದರಲ್ಲಿ ನೆನೆಹಾಕು. ಸಂಜೆ ಮೊದಲು ಉದ್ದನ್ನು ನುಣ್ಣಗೆ, ಹಗುರವಾಗಿ ಉಬ್ಬುವಂತೆ ರುಬ್ಬು, ಆಮೇಲೆ ಅಕ್ಕಿ. ಎರಡನ್ನೂ ಕೈಯಲ್ಲಿಯೇ ಕಲಸು. ಬೇಸಿಗೆಯಲ್ಲಿ ಎಂಟು ಗಂಟೆಯಲ್ಲಿ ಹಿಟ್ಟು ಮೇಲೆದ್ದು ಬರುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಹನ್ನೆರಡು ಗಂಟೆಗೂ ಹೆಚ್ಚು ಬೇಕಾಗಬಹುದು. ಪಾತ್ರೆಗೆ ದಪ್ಪ ಟವೆಲ್ ಸುತ್ತಿ ಒಲೆಯ ಪಕ್ಕ ಇಡು. ಭಾನುವಾರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕೂತು ಬಿಸಿ ದೋಸೆ ತಿನ್ನಿ. ಆಮೇಲೆ ಉಳಿದ ಹಿಟ್ಟು ಫ್ರಿಜ್ಜಿಗೆ. ತಂಪಿನಲ್ಲಿ ಹುಳಿಯಾಗುವುದು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ, ಹಾಗಾಗಿ ಸೋಮವಾರ ದೋಸೆ, ಬುಧವಾರದ ಹೊತ್ತಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹೆಚ್ಚಿ ಹಾಕಿ ಪಡ್ಡು. ಪಡ್ಡಿಗೆ ಹುಳಿ ಹಿಟ್ಟೇ ರುಚಿ.

ಅದೇ ಶನಿವಾರ ಬೆಳಿಗ್ಗೆ ಒಂದು ಹಿಡಿ ಹೆಸರುಕಾಳನ್ನೂ ನೆನೆಹಾಕು. ರಾತ್ರಿ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ಭಾನುವಾರ ಮೊಳಕೆ. ಮಧ್ಯಾಹ್ನಕ್ಕೆ ಕೋಸಂಬರಿ, ಸೋಮವಾರದ ಡಬ್ಬಿಗೆ ಪಲ್ಯ. ಪುಳಿಯೋಗರೆ ಗೊಜ್ಜು ಒಂದು ಬಾಟಲಿ ಇದ್ದರಂತೂ ಗುರುವಾರದ ಗಡಿಬಿಡಿಯೂ ತಪ್ಪುತ್ತದೆ. ಎಣ್ಣೆ ಮುಂದಾಗಿ, ನೀರಿನ ಪಸೆ ಇಲ್ಲದಂತೆ ಕುದಿಸಿ, ಒಣ ಚಮಚವನ್ನೇ ಬಳಸಿದರೆ ಅದು ಕೆಡುವುದಿಲ್ಲ.

ಇನ್ನು ‘ಹೇಳಿದರೆ ಮಾಡುತ್ತಾರೆ’ ಎಂಬ ಮಾತು. ನಿನ್ನ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲು ಇದು. ಹೇಳುವುದೂ ಒಂದು ಕೆಲಸ ತಂಗಿ. ಏನು ಮುಗಿದಿದೆ, ಏನು ಆಗಬೇಕು, ಯಾವಾಗ ಆಗಬೇಕು ಎಂಬ ಲೆಕ್ಕವೆಲ್ಲ ನಿನ್ನ ತಲೆಯಲ್ಲಿಯೇ ಉಳಿದರೆ, ಅವರ ಕೈ ಆಡಿದರೂ ನಿನ್ನ ದಣಿವು ಇಳಿಯುವುದಿಲ್ಲ. ಸಹಾಯ ಕೇಳಬೇಡ, ಇಡೀ ಕೆಲಸವನ್ನೇ ಒಪ್ಪಿಸು. ಬಟ್ಟೆ ಅವರದು ಎಂದರೆ ಬಣ್ಣ ಬಿಡುವುದನ್ನು ಬೇರ್ಪಡಿಸುವುದರಿಂದ ಹಿಡಿದು ಒಣಗಿಸಿ, ಮಡಿಚಿ, ಕಪಾಟಿನಲ್ಲಿಡುವವರೆಗೆ, ಸೋಪಿನ ಪುಡಿ ಮುಗಿದಿದೆ ಎಂದು ನೋಡಿಕೊಳ್ಳುವುದೂ ಸೇರಿ ಅವರದು. ಅವರು ಮಡಿಚಿದ ರೀತಿ ನಿನಗೆ ಹಿಡಿಸದಿದ್ದರೆ ಮತ್ತೆ ಬಿಡಿಸಿ ಮಡಿಚಬೇಡ. ದೊಡ್ಡ ಮಗು ತನ್ನ ಮತ್ತು ತಮ್ಮನ ಅಥವಾ ತಂಗಿಯ ಶಾಲಾಚೀಲ ನೋಡಿಕೊಳ್ಳಲಿ. ಅತ್ತೆಯವರನ್ನು ‘ಅಮ್ಮ, ಈ ವಾರ ಯಾವ ತರಕಾರಿ ತರೋಣ’ ಎಂದು ಕೇಳು. ಕೂತಲ್ಲಿ ಬೆಳ್ಳುಳ್ಳಿ ಬಿಡಿಸುವುದು, ಸೊಪ್ಪು ಸೋಸುವುದು ಅವರಿಗೆ ಹೊರೆಯಾಗಲಿಕ್ಕಿಲ್ಲ. ಕೇಳಿದರು ಎಂಬ ಸಮಾಧಾನವೂ ಅವರಿಗೆ ಇರುತ್ತದೆ.

ಸಂಕಟದ ಮಾತಿಗೆ ಬರುತ್ತೇನೆ. ಕಚೇರಿಯ ಅರ್ಧ ಮುಗಿದ ಕೆಲಸ ಮನಸ್ಸಿನೊಳಗೆ ಕೂತು ಭಾನುವಾರ ಸಂಜೆ ಎದ್ದು ಬರುತ್ತದೆ. ವಾರದ ಕೊನೆಯ ದಿನ ಮೇಜಿನಿಂದ ಏಳುವ ಮೊದಲು ಒಂದು ಚೀಟಿಯಲ್ಲಿ ಸೋಮವಾರ ಮೊದಲು ಮಾಡಬೇಕಾದ ಒಂದು ಕೆಲಸ ಬರೆದು ಅಲ್ಲಿಯೇ ಡ್ರಾಯರಿನಲ್ಲಿ ಇಟ್ಟು ಬಾ. ಪ್ರೌಢಶಾಲೆಯಲ್ಲಿ ಗೃಹವಿಜ್ಞಾನ ಕಲಿಸುತ್ತಿದ್ದಷ್ಟು ವರ್ಷವೂ ನಾನು ಹೀಗೆ ಮಾಡಿದೆ. ಸೋಮವಾರದ ಪ್ರಾರ್ಥನೆಯ ಗಂಟೆ ಹೊಡೆಯುವಾಗ ಮೊದಲ ಪಾಠ ಯಾವುದು ಎಂದು ನಾನು ಹುಡುಕಬೇಕಾಗುತ್ತಿರಲಿಲ್ಲ.

ನಾಲ್ಕರ ನಂತರ ಏನು ಮಾಡಲಿ ಎಂದು ಕೇಳಬಹುದು. ನಾನು ಮೈಸೂರಿನವಳು. ಭಾನುವಾರ ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತೇನೆ. ಹೆಜ್ಜಾರ್ಲೆಗಳು ನೀರಿನ ಮೇಲೆ ರೆಕ್ಕೆ ಅಗಲಿಸಿ ಇಳಿಯುವುದನ್ನು ನೋಡುತ್ತಾ ಕಲ್ಲುಬೆಂಚಿನ ಮೇಲೆ ಕೂತಾಗ ನನಗೆ ವಾರವೆಂಬುದೇ ನೆನಪಿಗೆ ಬರುವುದಿಲ್ಲ. ನಿನಗೆ ಲಾಲ್‌ಬಾಗ್ ಪಕ್ಕದಲ್ಲಿಯೇ ಇದೆ. ಕೆಂಪೇಗೌಡ ಗೋಪುರವಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎನ್ನುತ್ತಾರೆ ಭೂವಿಜ್ಞಾನಿಗಳು. ಮಕ್ಕಳನ್ನು ಅದರ ಮೇಲೆ ಹತ್ತಿಸು, ನೀನೂ ಹತ್ತು. ಹೋಗಲು ಮನಸ್ಸಿಲ್ಲದಿದ್ದರೆ ಮನೆಯಲ್ಲಿಯೇ ಇರು, ಕಾಲು ಚಾಚಿ ಕೂರು. ರಾತ್ರಿಗೆ ತಿಳಿಸಾರು, ಅನ್ನ, ಹಪ್ಪಳ ಸಾಕು.

ಒಂದು ಮಾತು ಗಂಭೀರವಾಗಿ ಹೇಳಬೇಕು. ಇಷ್ಟೆಲ್ಲ ಬದಲಿಸಿದ ಮೇಲೂ ಸಂಕಟ ಕಡಿಮೆಯಾಗದೆ ವಾರವಿಡೀ ಇದ್ದರೆ, ನಿದ್ದೆ, ಹಸಿವು ಕೆಟ್ಟರೆ, ವೈದ್ಯರ ಬಳಿ ಹೋಗು. ‘ಟೆಲಿ ಮನಸ್’ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನಾನು ಆಸ್ಪತ್ರೆಯೊಂದರಲ್ಲಿ ದಾದಿ. ಪಾಳಿ ಬದಲಾಗುತ್ತಲೇ ಇರುತ್ತದೆ, ವಾರದ ರಜೆ ಒಮ್ಮೆ ಮಂಗಳವಾರ, ಒಮ್ಮೆ ಶುಕ್ರವಾರ. ಎಲ್ಲರೂ ಭಾನುವಾರದ ಬಗ್ಗೆ ಮಾತನಾಡುವಾಗ ನನಗೆ ವಾರಾಂತ್ಯವೇ ಇಲ್ಲ ಅನ್ನಿಸುತ್ತದೆ ಅಕ್ಕ.
— ಓದುಗಿ, ಹುಬ್ಬಳ್ಳಿ

ನಾನು ಹುಟ್ಟಿದ್ದು ಹಾಸನದ ಕಡೆಯ ಒಕ್ಕಲುಮನೆಯಲ್ಲಿ. ನಮ್ಮ ತಂದೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅದು ಬಸವಣ್ಣನ ವಾರ. ಮಳೆ ಬಂದು ಹದ ಕೂಡಿ ಬಂದಿದ್ದರೂ ಎತ್ತುಗಳು ಆ ದಿನ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದವು. ನಮ್ಮೂರಿನಲ್ಲಿ ಭಾನುವಾರಕ್ಕೆ ಯಾವ ವಿಶೇಷವೂ ಇರಲಿಲ್ಲ. ವಾರವನ್ನು ಎಣಿಸುತ್ತಿದ್ದದ್ದು ಸಂತೆಯ ದಿನದಿಂದ. ಭಾನುವಾರದ ರಜೆಯೂ ತಾನಾಗಿ ಬಂದದ್ದಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಮುಂಬೈಯ ಗಿರಣಿ ಕಾರ್ಮಿಕರು ಹೋರಾಡಿ 1890ರಲ್ಲಿ ಅದನ್ನು ಪಡೆದರು. ಅವರು ಪಡೆದದ್ದು ವಾರಕ್ಕೊಂದು ದಿನದ ಬಿಡುವನ್ನು. ಆ ಬಿಡುವು ನಿನಗೆ ಮಂಗಳವಾರ ಬಂದರೆ ಮಂಗಳವಾರವೇ ನಿನ್ನ ಭಾನುವಾರ. ಮನೆಯವರಿಗೂ ನೆಂಟರಿಗೂ ಅದನ್ನು ಸ್ಪಷ್ಟವಾಗಿ ಹೇಳಿಬಿಡು: ಅಂದು ನೀನು ಬಿಡುವಾಗಿದ್ದೀಯೆ ಎಂದು ಬ್ಯಾಂಕು, ಗ್ಯಾಸ್, ಮದುವೆಮನೆಯ ಓಡಾಟವನ್ನೆಲ್ಲ ನಿನ್ನ ತಲೆಗೆ ಕಟ್ಟಬಾರದು.

ರಾತ್ರಿಪಾಳಿ ಮುಗಿಸಿ ರಜೆಗೆ ಬಂದ ದಿನ ಬೆಳಿಗ್ಗೆ ಏನಾದರೂ ಹಗುರವಾಗಿ ತಿಂದು, ಕಿಟಕಿಗೆ ದಪ್ಪ ಪರದೆ ಎಳೆದು ಮೂರು ನಾಲ್ಕು ಗಂಟೆ ಮಲಗು. ಮಧ್ಯಾಹ್ನ ಎದ್ದು ಬಿಸಿಲಿನಲ್ಲಿ ಸ್ವಲ್ಪ ಓಡಾಡಿ, ರಾತ್ರಿ ಬೇಗ ಮಲಗಿದರೆ ಮೈ ಹಗಲಿಗೆ ಹೊಂದಿಕೊಳ್ಳುತ್ತದೆ. ಅಡುಗೆಯ ಸಿದ್ಧತೆಯನ್ನು ಆ ದಿನ ಮುಟ್ಟಬೇಡ. ನಿಮ್ಮ ಕಡೆಯ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಪಾಳಿಯವರಿಗೆಂದೇ ಇರುವ ಆಹಾರ. ರೊಟ್ಟಿ ಮಾಡಿಕೊಡುವ ಮನೆಗಳು ಹುಬ್ಬಳ್ಳಿಯಲ್ಲಿ ಬೇಕಾದಷ್ಟಿವೆ; ಕೊಂಡು ಇಟ್ಟುಕೊ. ಮೊಸರು, ಹಸಿ ಈರುಳ್ಳಿ ಇದ್ದರೆ ಊಟ ಮುಗಿಯಿತು.

ನನಗೆ 26. ಊರು ಶಿರಸಿ, ಕೆಲಸ ಬೆಂಗಳೂರಿನಲ್ಲಿ, ಒಬ್ಬನೇ ಇದ್ದೇನೆ. ಶನಿವಾರ, ಭಾನುವಾರ ಮಧ್ಯಾಹ್ನ ಹನ್ನೆರಡರವರೆಗೆ ಮಲಗುತ್ತೇನೆ. ಆದರೂ ಸೋಮವಾರ ಸುಸ್ತು, ಭಾನುವಾರ ರಾತ್ರಿ ಎರಡಾದರೂ ನಿದ್ದೆ ಇಲ್ಲ. ಏನಾದರೂ ಕಾಯಿಲೆಯೇ?
— ಓದುಗ, ಮಾರತ್ತಹಳ್ಳಿ

ಕಾಯಿಲೆ ಎಂದು ಹೆದರುವ ಮೊದಲು ಏಳುವ ಹೊತ್ತನ್ನು ನೋಡಪ್ಪ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಮೈಯೊಳಗಿನ ಗಡಿಯಾರಕ್ಕೆ ದಿನ ಶುರುವಾಗುತ್ತದೆ. ನೀನು ವಾರದಲ್ಲಿ ಏಳಕ್ಕೆ ಎದ್ದು ರಜೆಯಲ್ಲಿ ಹನ್ನೆರಡಕ್ಕೆ ಎದ್ದರೆ ಐದು ಗಂಟೆ ವ್ಯತ್ಯಾಸದ ದೇಶಕ್ಕೆ ವಿಮಾನದಲ್ಲಿ ಹೋಗಿ ಬಂದವನ ಪಾಡೇ ನಿನ್ನ ಮೈಗೆ. ರಾತ್ರಿ ಎರಡಕ್ಕೂ ಅದಕ್ಕೆ ಇನ್ನೂ ಸಂಜೆ. ಭಾನುವಾರ ಎಂಟಕ್ಕೆ ಎದ್ದುಬಿಡು. ನಿದ್ದೆ ಸಾಲದಿದ್ದರೆ ಮಧ್ಯಾಹ್ನ ಊಟದ ನಂತರ ಅರ್ಧ ಗಂಟೆ ಮಲಗು, ಮೂರರೊಳಗೆ ಏಳು. ಕಾಫಿಯ ಕೆಫೀನ್ ಅರ್ಧದಷ್ಟು ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದು ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ಭಾನುವಾರ ಮಧ್ಯಾಹ್ನದ ಮೇಲೆ ಕಾಫಿ ಬೇಡ, ನಿಮ್ಮ ಕಡೆಯ ಕಷಾಯ ಮಾಡಿಕೊ: ಕೊತ್ತಂಬರಿ ಬೀಜ, ಜೀರಿಗೆ ಹುರಿದು ಪುಡಿ ಮಾಡಿದ್ದು, ಬೆಲ್ಲ, ಹಾಲು. ಪುಡಿಯನ್ನು ಅಮ್ಮನೇ ಕಳುಹಿಸಿಕೊಟ್ಟಾರು.

ಭಾನುವಾರ ಬೆಳಿಗ್ಗೆ ಎಲೆಮರೆಯ ಬಿಸಿಲಿನಲ್ಲಿ ನಡೆಯುತ್ತಲೇ ಅಮ್ಮನಿಗೆ ಫೋನ್ ಮಾಡು. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ‘ಹೂಂ’, ‘ಊಟ ಆಯಿತು’ ಎನ್ನುವ ಕರೆಗಿಂತ ಇದು ಇಬ್ಬರಿಗೂ ಹಿತ. ಒಂದು ತಿಂಗಳು ಹೀಗೆ ನಡೆಸಿಯೂ ಸುಸ್ತು ಹೋಗದಿದ್ದರೆ ರಕ್ತ ಪರೀಕ್ಷೆ ಮಾಡಿಸು.

ವಾರಕ್ಕಾಗುವಷ್ಟು ತರಕಾರಿ ಹೆಚ್ಚಿ ಫ್ರಿಜ್ಜಿನಲ್ಲಿ ಇಡಬಹುದೇ?
— ಗೃಹಿಣಿ, ದಾವಣಗೆರೆ

ವಾರಕ್ಕೆ ಬೇಡ. ಹುರುಳಿಕಾಯಿ, ಗೋರಿಕಾಯಿ, ಕ್ಯಾರೆಟ್ ಹೆಚ್ಚಿ, ನೀರಿನ ಪಸೆ ಇಲ್ಲದಂತೆ ಒರೆಸಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಎರಡು ಮೂರು ದಿನ ಚೆನ್ನಾಗಿರುತ್ತವೆ. ಬದನೆ, ಆಲೂಗಡ್ಡೆ, ಬಾಳೆಕಾಯಿ ಹೆಚ್ಚಿದರೆ ಕಪ್ಪಾಗುತ್ತವೆ, ಅವು ಆಗಿಂದಾಗಲೇ ಆಗಬೇಕು. ಸೊಪ್ಪನ್ನು ಸೋಸಿ ಇಡಿ, ತೊಳೆಯುವುದು ಅಡುಗೆಯ ಹೊತ್ತಿಗೆ. ಕೊತ್ತಂಬರಿ ಸೊಪ್ಪಿನ ಬೇರು ಕತ್ತರಿಸಿ ಒಣ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಬೆಳಗಿನ ಕೆಲಸದಲ್ಲಿ ಹೆಚ್ಚು ಹೊತ್ತು ತಿನ್ನುವುದು ತೆಂಗಿನಕಾಯಿ. ಶನಿವಾರ ಎರಡು ಕಾಯಿ ತುರಿದು, ದಿನಕ್ಕೆ ಬೇಕಾದಷ್ಟನ್ನು ಸಣ್ಣ ಸಣ್ಣ ಡಬ್ಬಿಗಳಲ್ಲಿ ಹಾಕಿ ಫ್ರೀಜರಿನಲ್ಲಿ ಇಡಿ. ಚಟ್ನಿ ಮಾಡುವ ಹಿಂದಿನ ರಾತ್ರಿ ಒಂದು ಡಬ್ಬಿಯನ್ನು ಕೆಳಗಿನ ಅರೆಗೆ ಇಳಿಸಿದರೆ ಬೆಳಿಗ್ಗೆ ರುಬ್ಬಲು ಸಿದ್ಧವಾಗಿರುತ್ತದೆ.