ನೀಲಕುರಿಂಜಿ ನೋಡೋಕೆ 2030ರ ತನಕ ಕಾಯಲೇಬೇಕಾ?

ಕೇರಳದ ಮುನ್ನಾರಿನಲ್ಲಿ ನೀಲಕುರಿಂಜಿ ಹೂ ಇನ್ನು 2030ಕ್ಕೇ ಅರಳೋದಂತೆ, ಅಲ್ಲಿವರೆಗೆ ಕಾಯೋ ಬದಲು ಒಂದು ಗಿಡ ಕಿತ್ತು ತಂದು ಕುಂಡದಲ್ಲಿ ಬೆಳೆಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಕೀಳಬೇಡಿ. ಅಷ್ಟು ಕಾಯುವುದೂ ಬೇಕಾಗಿಲ್ಲ.

ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ ಅನ್ನೋದು ನಿಜ, ಆದರೆ ಎಲ್ಲ ಬೆಟ್ಟಕ್ಕೂ ಒಂದೇ ಲೆಕ್ಕ ಅಲ್ಲ. ಮುನ್ನಾರಿನ ಪಕ್ಕದ ಇರವಿಕುಲಂನಲ್ಲಿ 2006, ಆಮೇಲೆ 2018. ನಮ್ಮ ಚಿಕ್ಕಮಗಳೂರಿನ ಗಿರಿಗಳಲ್ಲಿ 2022ರಲ್ಲಿ ಅರಳಿತು, ಮುಳ್ಳಯ್ಯನಗಿರಿ ಕಡೆ ಜನವೋ ಜನ. ಕೊಡಗಿನ ಮಾಂದಲಪಟ್ಟಿ ಕಡೆ ಅದಕ್ಕೂ ಒಂದು ವರ್ಷ ಮುಂಚೆ. ಇದರ ಜೊತೆಗೆ ಕುರಿಂಜಿಗೆ ದಾಯಾದಿಗಳು ಜಾಸ್ತಿ. ಪಶ್ಚಿಮ ಘಟ್ಟದಲ್ಲೇ ಅದೇ ಕುಲದ ಹತ್ತಾರು ಜಾತಿಗಳಿವೆ, ಕೆಲವು ಏಳೆಂಟು ವರ್ಷಕ್ಕೆ ಬಿಡುತ್ತವೆ, ಕೆಲವು ವರ್ಷಾ ವರ್ಷಾ ಬಿಡುತ್ತವೆ, ರೀಲ್ಸ್‌ನಲ್ಲಿ ಮಾತ್ರ ಎಲ್ಲದಕ್ಕೂ ನೀಲಕುರಿಂಜಿ ಅಂತಲೇ ಹೆಸರು.

ಇನ್ನು ಕುಂಡದ ವಿಷಯ. ಇದು ಸುಮಾರು 1,300 ಮೀಟರ್‌ಗಿಂತ ಎತ್ತರದ ಹುಲ್ಲುಗಾವಲಿನಲ್ಲಿ, ಶೋಲಾ ಕಾಡಿನ (ಎತ್ತರದ ಬೆಟ್ಟಗಳ ಕಣಿವೆಯಲ್ಲಿರುವ ಕುಳ್ಳ ಮರಗಳ ಕಾಡು) ಅಂಚಿನಲ್ಲಿ ಬೆಳೆಯುವ ಗಿಡ. ಗಾಳಿ, ಮಂಜು, ತಂಪು ಎಲ್ಲವೂ ಬೇಕು. ಸುಮ್ನೆ ಹೇಳ್ತಿಲ್ಲ, ಒಂಟಿ ಗಿಡ ನೋಡಿದರೆ ನಿಮಗೆ ನಿರಾಸೆಯೇ ಆಗುತ್ತದೆ. ಸಾಮಾನ್ಯವಾಗಿ ಮೊಣಕಾಲೆತ್ತರದ ಪೊದೆ, ಎಲೆಯ ಅಂಚು ಗರಗಸದ ಹಾಗೆ, ತೆನೆಯಲ್ಲಿ ಒತ್ತಾಗಿ ಕೂತ ಪುಟ್ಟ ಗಂಟೆಯಾಕಾರದ ಹೂಗಳು. ಇಡೀ ಇಳಿಜಾರು ಒಟ್ಟಿಗೆ ಅರಳಿದಾಗಲೇ ಬೆಟ್ಟಕ್ಕೆ ಆ ನೀಲಿ ಬಣ್ಣ.

ಒಟ್ಟಿಗೆ ಅರಳುವುದೇ ಅದರ ಜಾಣತನ ಕೂಡ. ಒಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಗಿಡ ಸತ್ತೇ ಹೋಗುತ್ತದೆ, ಎರಡನೇ ಅವಕಾಶ ಇಲ್ಲ. ಸ್ವಲ್ಪ ಸ್ವಲ್ಪವೇ ಬೀಜ ಬಿಟ್ಟರೆ ಇಲಿ, ಹಕ್ಕಿ, ಹುಳ ಸೇರಿ ಮುಗಿಸಿಬಿಡುತ್ತವೆ, ಎಲ್ಲ ಗಿಡವೂ ಒಂದೇ ಸಲ ರಾಶಿ ಹಾಕಿದರೆ ಅವು ತಿಂದೂ ತಿಂದೂ ಸಾಕಾಗಿ ಒಂದಷ್ಟು ಉಳಿಯುತ್ತವೆ ಅನ್ನೋದು ವಿಜ್ಞಾನಿಗಳು ಕೊಡುವ ಕಾರಣ. ಅಂದರೆ ಸೆಲ್ಫಿಗೆ ಅಂತ ತೆನೆ ಮುರಿದರೆ ಹೋಗುವುದು ಹೂವಷ್ಟೇ ಅಲ್ಲ, ಮುಂದಿನ ಸರದಿಯ ಗಿಡಗಳೂ ಹೋದವು ಅಲ್ವಾ? ಈಗ ಇದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸಂರಕ್ಷಿತ ಸಸ್ಯಗಳ ಪಟ್ಟಿಯಲ್ಲೂ ಇದೆ, ಕಿತ್ತು ಸಿಕ್ಕಿಬಿದ್ದರೆ ಕೇಸು.

ಹಾಗಾಗಿ ಪ್ರತಿ ವರ್ಷ ಆಗಸ್ಟ್ ಹೊತ್ತಿಗೆ ಯಾವ ಬೆಟ್ಟದಲ್ಲಿ ಮೊಗ್ಗು ಬಂದಿದೆ ಅಂತ ಸ್ಥಳೀಯರನ್ನೋ ಅರಣ್ಯ ಇಲಾಖೆಯವರನ್ನೋ ಕೇಳಿ. ಸಾಮಾನ್ಯವಾಗಿ ಅಕ್ಟೋಬರ್ ತನಕ ಹೂ ಇರುತ್ತದೆ. ಶನಿವಾರ, ಭಾನುವಾರ ಮಾತ್ರ ಬೇಡ, ಹೂವಿಗಿಂತ ಕಾರುಗಳೇ ಜಾಸ್ತಿ ಕಾಣುತ್ತವೆ.